ಮೂರು ಕಾರ್ಬೊರೇಟರ್, ಒಂದು ಪೆಟ್ರೋಲ್ ವಾಸನೆ

(1/8)
ಮೊದಲ ಫೋಟೋ ಕಾರಿಂದಲ್ಲ, ಗೋಡೆದು. ಬಿಳಿ ಗೋಡೆ, ನೆಲದಿಂದ ಒಂದಡಿ ಮೇಲೆ ದೋಸೆ ಹೆಂಚಿನಷ್ಟು ಅಗಲದ ಎರಡು ಕರಿ ಕಲೆ. ಕಾರನ್ನ ರಿವರ್ಸ್‌ನಲ್ಲಿ ಒಳಗೆ ನಿಲ್ಲಿಸಿದರೆ ಎರಡು ಸೈಲೆನ್ಸರ್ ಬಾಯಿ ಸರಿಯಾಗಿ ಅಲ್ಲಿಗೇ ಬರುತ್ತೆ. ಬೆರಳಲ್ಲಿ ಉಜ್ಜಿದೆ, ಒಣ ಮಸಿ. ಎಣ್ಣೆ ಜಿಡ್ಡಿಲ್ಲ. ಜಿಡ್ಡಿದ್ದರೆ ಇಂಜಿನ್ ಆಯಿಲ್ ಸುಡ್ತಿದೆ ಅಂತ ಅರ್ಥ, ಖರ್ಚು ದೊಡ್ಡದು. ಒಣ ಮಸಿ ಅಂದ್ರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ನಮ್ಮ ಕಡೆ ಮೆಕ್ಯಾನಿಕ್‌ಗಳು ‘ಮಿಕ್ಸ್ಚರ್ ರಿಚ್ ಆಗಿದೆ’ ಅಂತಾರಲ್ಲ, ಅದೇ.

ಗ್ಯಾರೇಜ್ ನಮ್ಮ ಪಕ್ಕದ ಮನೆಯವರದು. ಊರು ಮಿಶಿಗನ್, ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಹೋಗೋ ವುಡ್‌ವರ್ಡ್ ಅವೆನ್ಯೂ ಪಕ್ಕದ ಒಂದು ಬಡಾವಣೆ. ಕಾರು 1966ರ ಪಾಂಟಿಯಾಕ್ ಜಿಟಿಒ. ಈ ಸರಣಿ ಓದ್ತಾ ಬಂದವರಿಗೆ ಪಕ್ಕದ ಮನೆ ಅಜ್ಜ ಗೊತ್ತು. ಆದರೆ ಈ ಕಾರು ಅಜ್ಜಂದಲ್ಲ, ಅಜ್ಜಿದು. ಮದುವೆಗೆ ಮುಂಚೆ, ಸ್ವಂತ ಸಂಬಳದಲ್ಲಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾಲ್ಕು ಗೇರು. ಚಳಿಗಾಲ ಬಿಟ್ಟು ಉಳಿದ ದಿನ ಹತ್ತು ವರ್ಷ ಅದರಲ್ಲೇ ಕೆಲಸಕ್ಕೆ ಹೋಗಿದ್ದಾರೆ. ಈಗ ಎಪ್ಪತ್ತೆಂಟು ವಯಸ್ಸು.

ಹೋದ ಚಳಿಗಾಲದಲ್ಲಿ ಒಂದು ಅಂಗಡಿಗೆ ಕೊಟ್ಟು ಮೂರೂ ಕಾರ್ಬೊರೇಟರ್ ಬಿಚ್ಚಿ ರಿಪೇರಿ ಮಾಡಿಸಿದರು, ಹೊಸ ಪೆಟ್ರೋಲ್ ಪಂಪೂ ಬಿತ್ತು. ಏಪ್ರಿಲ್‌ನಲ್ಲಿ ಕಾರು ಮನೆಗೆ ಬಂತು, ಅಲ್ಲಿಂದ ಈ ವಾಸನೆ ಶುರು. ಅಜ್ಜಿಗೆ ತಲೆನೋವು. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆ ಪಕ್ಕದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಹೊಡ್ಕೊಳ್ತು. ಆ ಸಂಜೆಯೇ ಮಗಳು ಫೋನ್ ಮಾಡಿ ಹೇಳಿದ್ದು ಒಂದೇ ಮಾತು: ಕಾರು ಮಾರಿಬಿಡಿ.

(2/8)
ಎರಡನೇ ಫೋಟೋ, ಬಾನೆಟ್ ಎತ್ತಿದಾಗ ಕಾಣೋದು. ಸಾಲಾಗಿ ಮೂರು ಪುಟ್ಟ ಏರ್ ಫಿಲ್ಟರ್, ಮದುವೆಮನೆ ಪಂಕ್ತಿಯ ಹಾಗೆ. ಪಾಂಟಿಯಾಕ್‌ನವರು ಇದಕ್ಕೆ ಇಟ್ಟ ಹೆಸರು ಟ್ರೈ-ಪವರ್. 1957ರಲ್ಲಿ ಶುರು ಮಾಡಿ 1966ಕ್ಕೆ ನಿಲ್ಲಿಸಿದರು. 1967ರ ಮಾಡೆಲ್‌ಗಳಿಂದ ಕಾರ್ವೆಟ್‌ನಂಥ ಒಂದೆರಡು ಬಿಟ್ಟು ಬೇರೆ ಯಾವ ಕಾರಿಗೂ ಒಂದಕ್ಕಿಂತ ಹೆಚ್ಚು ಕಾರ್ಬೊರೇಟರ್ ಬೇಡ ಅಂತ ಜನರಲ್ ಮೋಟರ್ಸ್ ಮೇಲಿನಿಂದಲೇ ನಿಷೇಧ ಹಾಕಿತು. ಹಾಗಾಗಿ ಈ ಕಾರು ಆ ಸಾಲಿನ ಕೊನೇ ವರ್ಷದ್ದು. 389 ಕ್ಯೂಬಿಕ್ ಇಂಚಿನ ವಿ8, ಅಂದ್ರೆ ಸುಮಾರು 6.4 ಲೀಟರ್. ಕಂಪನಿ ಲೆಕ್ಕದಲ್ಲಿ 360 ಕುದುರೆ ಶಕ್ತಿ.

ಮೂರು ಕಾರ್ಬೊರೇಟರ್ ಅಂದ ತಕ್ಷಣ ‘ಹಾಗಾದ್ರೆ ಪೆಟ್ರೋಲ್ ಮೂರು ಪಟ್ಟು ಕುಡಿಯುತ್ತೆ ಬಿಡಿ, ರಿಚ್ ಆಗದೆ ಇನ್ನೇನು’ ಅಂತ ಕಾಮೆಂಟ್ ಬರುತ್ತೆ ಅಂತ ಗೊತ್ತು. ಇಲ್ಲ. ಮೂರರಲ್ಲೂ ಎರಡೆರಡು ಬಾಯಿ ಇದೆ, ಆದರೆ ನಿಂತಲ್ಲಿ ಇಂಜಿನ್ ಓಡುವಾಗ, ಊರೊಳಗೆ ಮೆಲ್ಲಗೆ ಹೋಗುವಾಗ ಕೆಲಸ ಮಾಡೋದು ನಡುವಿನದು ಮಾತ್ರ. ಚೋಕ್ ಇರೋದು ಅದಕ್ಕೆ ಮಾತ್ರ. ಐಡಲ್ ಸ್ಕ್ರೂ ಇರೋದೂ ಅದಕ್ಕೇ. ಹಿಂದಿಂದು, ಮುಂದಿಂದು ಎರಡೂ ಬಾಯಿ ಮುಚ್ಚಿ ಕೂತಿರ್ತವೆ. ಆಕ್ಸಿಲರೇಟರ್ ಅರ್ಧಕ್ಕಿಂತ ಜಾಸ್ತಿ ತುಳಿದಾಗ ಲಿಂಕ್ ರಾಡ್ ಅವನ್ನೂ ಎಳೆದು ತೆರೆಯುತ್ತೆ, ಆಗ ಬರೋ ಸದ್ದಿಗೇ ಜನ ಈ ಕಾರಿಗೆ ಸಾಯೋದು. ಉಳಿದ ಹೊತ್ತು ಇದು ಒಂದೇ ಕಾರ್ಬೊರೇಟರಿನ ಸಾಧು ಕಾರು.

ಇದನ್ನ ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಮುಚ್ಚಿರಬೇಕಾದ ಎರಡು ಬಾಯಲ್ಲಿ ಏನಾಗ್ತಿದೆ ಅನ್ನೋದರ ಮೇಲೆ ಮುಂದಿನ ಅರ್ಧ ಕಥೆ ನಿಂತಿದೆ.

(3/8)
ಸ್ಪ್ಯಾನರ್ ಹಿಡಿಯೋ ಮುಂಚೆ ಅಲಾರಂ ವಿಷಯ. ದಯವಿಟ್ಟು ಇದನ್ನ ಸ್ಕ್ರೋಲ್ ಮಾಡಿ ದಾಟಬೇಡಿ.

ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಕಮ್ಮಿಯಾದರೆ ಪ್ರತಿ ಕಾರ್ಬನ್ ಕಣಕ್ಕೂ ಎರಡು ಆಕ್ಸಿಜನ್ ಸಿಗಲ್ಲ, ಒಂದರಲ್ಲೇ ಸುಧಾರಿಸ್ಕೊಳ್ಳುತ್ತೆ. ಹಾಗೆ ಆಗೋದೇ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಿಚ್ ಇಂಜಿನ್ ಹತ್ತಿರ ಕಣ್ಣು ಉರಿಯೋದು, ಮೂಗಿಗೆ ಹೊಡೆಯೋದು ಸುಡದೆ ಉಳಿದ ಪೆಟ್ರೋಲು. ಅಪಾಯಕಾರಿಯಾದದ್ದು ಅದರ ಜೊತೆಗೇ ಸದ್ದಿಲ್ಲದೆ ಬರ್ತಿರುತ್ತೆ. ಅಮೆರಿಕದ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ವ್ಯಾಪಕವಾಗಿ ಬಂದದ್ದು 1975ರ ಮಾಡೆಲ್‌ಗಳಿಂದ. 66ರ ಕಾರಲ್ಲಿ ಅದೆಲ್ಲ ಇಲ್ಲ, ಹುಟ್ಟಿದ್ದೆಲ್ಲ ಹಾಗೇ ಹೊರಗೆ ಬರುತ್ತೆ. ಇವರ ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಇರೋದು ಒಂದು ಬಾಗಿಲು.

ಅಂದ್ರೆ ಮಗಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಜ್ಜ ಅದನ್ನ ಒಪ್ಪಲಿಲ್ಲ, ಬಾಗಿಲು ತೆಗೆದೇ ಸ್ಟಾರ್ಟ್ ಮಾಡ್ತೀವಲ್ಲ ಅಂದರು. ದೊಡ್ಡ ಬಾಗಿಲು ತೆಗೆದಿದ್ದರೂ ಹೊಗೆ ಒಳಗೆ ತಿರುಗುತ್ತೆ, ಗೋಡೆ ಕಡೆ ಮುಖ ಮಾಡಿರೋ ಸೈಲೆನ್ಸರ್ ಅಂತೂ ಮನೆಗೇ ಊದುತ್ತೆ. ನಾನು ಕೈ ಹಚ್ಚೋಕೆ ಒಂದೇ ಶರತ್ತು ಹಾಕಿದೆ: ರಿಪೇರಿ ಆಗಲಿ ಬಿಡಲಿ, ಈ ಕಾರು ಇನ್ನು ಗ್ಯಾರೇಜ್ ಒಳಗೆ ಸ್ಟಾರ್ಟ್ ಆಗಕೂಡದು. ಅಜ್ಜ ಗೊಣಗಿದರು. ಅಜ್ಜಿ ಹ್ಯಾಂಡ್‌ಬ್ರೇಕ್ ಬಿಟ್ಟು, ಬನ್ನಿ ತಳ್ಳಿ ಅಂದರು.

(4/8)
ಮೈಸೂರಲ್ಲಿ ನಮ್ಮ ಸೋದರಮಾವ ಜಾವಾ, ಯೆಜ್ಡಿ ರಿಪೇರಿ ಮಾಡ್ಕೊಂಡೇ ಮೂವತ್ತು ವರ್ಷ ಕಳೆದವರು. ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದ ಊರು, ಬೀದಿಗೊಬ್ಬ ಕಾರ್ಬೊರೇಟರ್ ಪಂಡಿತ ಇದ್ದ ಕಾಲ. ವಿಡಿಯೋ ಕಾಲ್‌ನಲ್ಲಿ ಈ ಮೂರು ಕಾರ್ಬೊರೇಟರ್ ತೋರಿಸಿದೆ.

“ಅಯ್ಯೋ ಏನೋ ಇದು, ಒಂದಕ್ಕೇ ನಾವು ಒದ್ದಾಡ್ತಿದ್ವಿ” ಅಂದರು. ಆಮೇಲೆ, “ನೋಡೋ, ಸ್ಕ್ರೂ ಮುಟ್ಟಬೇಡ. ಜೆಟ್ ಮುಟ್ಟಬೇಡ. ಪೆಟ್ರೋಲ್ ಎಲ್ಲಿಂದ ಬೀಳ್ತಿದೆ ಅದನ್ನ ಮೊದ್ಲು ಕಣ್ಣಲ್ಲಿ ನೋಡು.”

ಇದರ ಬೆಲೆ ಗೊತ್ತಾಗಬೇಕಾದರೆ ಆ ಅಂಗಡಿಯವರು ಏನು ಮಾಡಿದ್ದರು ಅಂತ ಕೇಳಿ. ಕಾರು ರಿಚ್ ಅಂತ ಅಜ್ಜ ವಾಪಸ್ ತಗೊಂಡು ಹೋದಾಗ ಜೆಟ್ ಸಣ್ಣದು ಹಾಕಿ ಕಳಿಸಿದ್ದರು. ಈ ರೋಚೆಸ್ಟರ್ ಕಾರ್ಬೊರೇಟರ್‌ನಲ್ಲಿ ಜೆಟ್ ಮೇಲಿನ ನಂಬರ್ ಅದರ ತೂತಿನ ಅಳತೆ, ಇಂಚಿನ ಸಾವಿರ ಭಾಗದ ಲೆಕ್ಕದಲ್ಲಿ. ಮೂರು ನಂಬರ್ ಇಳಿಸಿದ್ದರು. ವಾಸನೆ ಹಾಗೇ ಇತ್ತು, ಜೊತೆಗೆ ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟರೆ ಕಾರು ಮುಗ್ಗರಿಸೋಕೂ ಶುರುವಾಯ್ತು. ಎರಡನೇ ಸಲ ಹೋದಾಗ ಮೂರನ್ನೂ ತೆಗೆದು ಒಂದು ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕೋಣ ಅಂದರಂತೆ. ಇಂಜೆಕ್ಷನ್ ಬಗ್ಗೆ ನನಗೆ ದ್ವೇಷ ಇಲ್ಲ, ದಿನಾ ಓಡಿಸೋದು ಅದೇ. ಆದರೆ ಕಾಯಿಲೆ ಏನು ಅಂತ ಹೇಳದೆ ಅಂಗ ಬದಲಿಸಿ ಅನ್ನೋ ಡಾಕ್ಟರ್ ಹತ್ತಿರ ನಾನು ಎರಡನೇ ಸಲ ಹೋಗಲ್ಲ.

ಮೊದಲು ಆಯಿಲ್ ನೋಡೋ ಕಡ್ಡಿ ಎಳೆದೆ. ಆಯಿಲ್ ನೀರು ನೀರಾಗಿದೆ, ಮಟ್ಟ ಮೇಲಿನ ಗೆರೆ ದಾಟಿದೆ, ಮೂಸಿದರೆ ಪೆಟ್ರೋಲ್. ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆ ಇಳಿದು ಕೆಳಗೆ ಸೇರಿತ್ತು. ನಿಮ್ಮ ಹಳೇ ಗಾಡಿಯಲ್ಲಿ ಹೀಗಿದ್ದರೆ ಇನ್ನೊಂದು ಸಲವೂ ಸ್ಟಾರ್ಟ್ ಮಾಡಬೇಡಿ. ತೆಳ್ಳಗಾದ ಆಯಿಲ್ ಬೇರಿಂಗ್ ತಿನ್ನುತ್ತೆ, ಆಗ ಕಾರ್ಬೊರೇಟರ್ ಚಿಂತೆ ಚಿಲ್ಲರೆ ಅನ್ನಿಸುತ್ತೆ. ಆಯಿಲ್, ಫಿಲ್ಟರ್ ಬದಲಿಸಿಯೇ ಮುಂದಕ್ಕೆ ಹೋಗಿದ್ದು.

ಪ್ಲಗ್ ಎಂಟಕ್ಕೆ ಎಂಟೂ ಕಾಡಿಗೆ ಡಬ್ಬಿ (ಫೋಟೋ 4). ಒಂದೆರಡು ಮಾತ್ರ ಕಪ್ಪಾಗಿದ್ದರೆ ಆ ಸಿಲಿಂಡರಿನದೇ ಸಮಸ್ಯೆ. ಎಲ್ಲವೂ ಕಪ್ಪು ಅಂದ್ರೆ ಎಲ್ಲಕ್ಕೂ ಸೇರಿದ ಏನೋ ಒಂದು. ಕಿಡಿ ಸೊರಗಿದ್ದರೂ ಹೀಗೇ ಕಾಣುತ್ತೆ, ಅದಕ್ಕೇ ಡಿಸ್ಟ್ರಿಬ್ಯೂಟರ್ ಪಾಯಿಂಟ್ 30 ಡಿಗ್ರಿ ಡ್ವೆಲ್‌ನಲ್ಲಿದೆಯಾ, ಟೈಮಿಂಗ್ ಸರಿ ಇದೆಯಾ, ಎರಡೂ ನೋಡಿದೆ. ಚೋಕ್ ಬಿಸಿಯಾದ ಮೇಲೆ ಪೂರ್ತಿ ತೆರೀತಿದೆಯಾ ಅಂತಲೂ. ಎಲ್ಲ ಸರಿ ಇತ್ತು. ಜೆಟ್‌ಗಳನ್ನ ಕಂಪನಿ ಕೊಟ್ಟ ಅಳತೆಗೇ ವಾಪಸ್ ಹಾಕಿದೆ.

(5/8)
ಇದು ವಿಡಿಯೋ, ಸದ್ದು ಆನ್ ಮಾಡಿ ನೋಡಿ.

ಇಂಜಿನ್ ಬಿಸಿಯಾಗಿದೆ, ಕಾರು ಹೊರಗಿದೆ, ಪಕ್ಕದಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇದೆ. ನಡುವಿನ ಕಾರ್ಬೊರೇಟರಿನ ಎರಡು ಮಿಕ್ಸ್ಚರ್ ಸ್ಕ್ರೂಗಳನ್ನ ನಾನು ಮೆಲ್ಲಗೆ ಒಳಕ್ಕೆ ತಿರುಗಿಸ್ತಾ ಇದ್ದೀನಿ. ನಿಂತಲ್ಲಿ ಓಡೋ ಇಂಜಿನ್‌ಗೆ ಪೆಟ್ರೋಲ್ ಬರೋ ದಾರಿ ಅದೊಂದೇ, ಪೂರ್ತಿ ಮುಚ್ಚಿದರೆ ಇಂಜಿನ್ ಆಫ್ ಆಗಬೇಕು. ಎರಡೂ ತಳ ಮುಟ್ಟಿದವು. ಇಂಜಿನ್ ಡುಗುಡುಗು ಅಂತ ಓಡ್ತಾನೇ ಇದೆ.

ನಲ್ಲಿ ಪೂರ್ತಿ ತಿರುಗಿಸಿದರೂ ಬಕೆಟ್ ತುಂಬ್ತಾ ಇದೆ ಅಂದ್ರೆ ನೀರು ಬೇರೆ ಕಡೆಯಿಂದ ಬರ್ತಿದೆ. ಥ್ರಾಟಲ್ ಜಾಸ್ತಿ ತೆರೆದಿದ್ದರೂ ಹೀಗಾಗಬಹುದು, ಅದನ್ನ ನೋಡಿದೆ, ಇಲ್ಲ.

ಆಮೇಲೆ ಮೂರೂ ಫಿಲ್ಟರ್ ತೆಗೆದು, ಮುಖ ದೂರ ಇಟ್ಟು, ಕೈ ಉದ್ದ ಚಾಚಿ ಫೋನನ್ನ ಒಂದೊಂದೇ ಬಾಯಿ ಮೇಲೆ ಹಿಡಿದು ಸ್ಲೋ ಮೋಷನ್‌ನಲ್ಲಿ ತೆಗೆದೆ. ತಲೆ ಬಗ್ಗಿಸಿ ನೋಡೋಕೆ ಹೋಗಬೇಡಿ, ಇಂಜಿನ್ ಹಿಂದಕ್ಕೆ ಒಂದು ಸಲ ಕೆಮ್ಮಿದರೆ ಹುಬ್ಬು ಇರಲ್ಲ. ನಡುವಿನದು ಶುಭ್ರ. ಹಿಂದಿನದರಲ್ಲಿ, ಮುಚ್ಚಿದ ಥ್ರಾಟಲ್ ತಟ್ಟೆ ಮೇಲೆ, ನಾಜಲ್ ತುದಿಯಿಂದ ಟಪ್, ಟಪ್, ಟಪ್. ಬಚ್ಚಲ ನಲ್ಲಿ ಹಾಗೆ. ಮುಂದಿನದರಲ್ಲೂ ಇತ್ತು, ಸ್ವಲ್ಪ ನಿಧಾನ.

ಫೋನ್‌ನಲ್ಲಿ ಅದನ್ನ ನೋಡಿದ ಅಜ್ಜಿ ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಅಂದ್ರೆ ನನ್ನ ತಲೆನೋವು ನಿಜ, ವಯಸ್ಸಿಂದಲ್ಲ ಅಂದರು. ಅದನ್ನ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದು ಯಾರು ಅಂತ ನಾನು ಕೇಳಲಿಲ್ಲ. ಅಜ್ಜ ಟೂಲ್ ಡಬ್ಬಿಯಲ್ಲಿ ಏನೋ ಹುಡುಕ್ತಾ ಇದ್ದರು.

(6/8)
ಮೈಸೂರಿನ ಭಾಷೆಯಲ್ಲಿ ಇದಕ್ಕೆ ‘ಓವರ್‌ಫ್ಲೋ’ ಅಂತಾರೆ. ಬೌಲ್‌ನಲ್ಲಿ ಪೆಟ್ರೋಲ್ ತುಂಬಿದ ಹಾಗೆ ಫ್ಲೋಟ್ ತೇಲಿ ಮೇಲೆ ಬಂದು ಒಂದು ಸೂಜಿಯನ್ನ ಒತ್ತಿ ದಾರಿ ಮುಚ್ಚಬೇಕು. ಮನೆ ಮೇಲಿನ ಟ್ಯಾಂಕಿಯಲ್ಲಿ ಚೆಂಡು ಇರುತ್ತಲ್ಲ, ಅದೇ ಕೆಲಸ. ಮುಚ್ಚದೇ ಇದ್ದರೆ ಮಟ್ಟ ಏರಿ ನಾಜಲ್‌ನಿಂದ ತಾನಾಗಿ ಸುರಿಯುತ್ತೆ.

ಒಂದೇ ಕಾರ್ಬೊರೇಟರ್ ತೊಟ್ಟಿಕ್ಕಿದ್ದರೆ ಅದರ ಸೂಜಿ ಬದಲಿಸಿ ಮುಗಿಸಬಹುದಿತ್ತು. ಆದರೆ ಒಂದು ಮನೆ ನಲ್ಲಿ ಸೋರಿದರೆ ವಾಷರ್ ಹೋಗಿದೆ, ಬೀದಿಯ ಎರಡು ಮನೆಯಲ್ಲಿ ಒಟ್ಟಿಗೆ ಸೋರಿದರೆ ನೀರು ಬಿಡೋನ ಕಡೆ ನೋಡಬೇಕು. ಪಂಪಿಗೂ ಕಾರ್ಬೊರೇಟರಿಗೂ ನಡುವೆ ಒಂದು ಗೇಜ್ ಸೇರಿಸಿದೆ. ಫೋಟೋ 6 ಅದೇ: ಎಂಟೂವರೆ ಪಿಎಸ್‌ಐ. ಈ ಕಾರ್ಬೊರೇಟರ್‌ಗಳು ನೆಮ್ಮದಿಯಾಗಿ ತಡೆಯೋದು ಐದರ ಆಸುಪಾಸು. ಹೊಸ ಪಂಪ್ ನೋಡೋಕೆ ಹಳೇದರ ಹಾಗೇ ಇದೆ, ಆದರೆ ಒತ್ತೋದು ಬೇರೆ ಲೆಕ್ಕ. ಪಂಪ್ ಅಷ್ಟು ಜೋರಾಗಿ ಒತ್ತಿದರೆ ಸೂಜಿ ಮುಚ್ಚೋಕೆ ಫ್ಲೋಟ್ ಇನ್ನೂ ಆಳಕ್ಕೆ ಮುಳುಗಬೇಕು, ಅಂದ್ರೆ ಮಟ್ಟ ಇನ್ನೂ ಮೇಲೆ.

ನಡುವಿನದು ಯಾಕೆ ತೊಟ್ಟಿಕ್ಕಲಿಲ್ಲ ಅಂತ ಕೇಳಬಹುದು. ಅದರಲ್ಲಿ ಪೆಟ್ರೋಲ್ ಸದಾ ಖರ್ಚಾಗ್ತಿರುತ್ತೆ. ಅಕ್ಕಪಕ್ಕದವು ಬರೀ ಕೂತಿರೋವು, ತುಂಬಿದ್ದು ಹೋಗೋಕೆ ದಾರಿ ಇಲ್ಲ.

ಹಿಂದಿನದು ಜಾಸ್ತಿ ಸೋರಿದ್ದಕ್ಕೆ ಇನ್ನೊಂದು ಕಾರಣವೂ ಸಿಕ್ಕಿತು. ಹಿತ್ತಾಳೆ ಫ್ಲೋಟ್ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗುಳುಗುಳು. ಎಲ್ಲೋ ಸೂಜಿಮೊನೆಯಷ್ಟು ತೂತು, ಒಳಗೆ ಪೆಟ್ರೋಲ್ ಸೇರಿ ಭಾರ ಆಗಿದೆ. ಬಿಸಿನೀರಲ್ಲಿ ಮುಳುಗಿಸಿದಾಗ ಬೆಸುಗೆ ಪಕ್ಕ ಸಣ್ಣ ಗುಳ್ಳೆ ಸಾಲು ಬಂತು. ಬಿಸಿನೀರು ಪಾತ್ರೆಯಲ್ಲಿ, ಅಂಗಳದಲ್ಲಿ, ಒಲೆಯಿಂದ ದೂರ. ಬೆಸುಗೆ ಹಾಕೋ ಸಾಹಸ ಬೇಡ ಅಂತ ಹೊಸ ಫ್ಲೋಟ್ ತರಿಸಿದೆ.

ಒತ್ತಡ ಇಳಿಸೋಕೆ ರೆಗ್ಯುಲೇಟರ್ ಹಾಕಬಹುದಿತ್ತು. ಹೊಳೆಯೋ ಡಬ್ಬಿ ಅಲ್ಲಿ ಬೇಡ ಅಂದರು ಅಜ್ಜಿ. ಐದೂವರೆ ಒತ್ತೋ ಪಂಪ್ ಹುಡುಕಿ ಹಾಕಿದೆವು.

ಊರಿಂದ ಆರ್‌ಡಿ350 ಇಟ್ಕೊಂಡ ಗೆಳೆಯರು ನಮ್ಮದಕ್ಕೂ ಇದು ಆಗುತ್ತಾ ಅಂತ ಕೇಳ್ತಿದ್ದಾರೆ. ಎರಡು ಕಾರ್ಬೊರೇಟರ್ ಇದೆ, ಹೌದು. ಆದರೆ ನಿಮ್ಮಲ್ಲಿ ಪಂಪೇ ಇಲ್ಲ, ಪೆಟ್ರೋಲ್ ಟ್ಯಾಂಕಿಂದ ತಾನಾಗಿ ಇಳಿಯುತ್ತೆ. ಒತ್ತಡದ ಮಾತು ಬಿಡಿ, ಫ್ಲೋಟ್ ಮತ್ತು ಸೂಜಿ ನೋಡಿ.

(7/8)
ಇಲ್ಲಿಗೆ ಮುಗೀತು ಅಂತ ಅಜ್ಜ ಗ್ಲಾಸ್ ತಂದಿಟ್ಟರು. ಸ್ಕ್ರೂ ಮುಚ್ಚಿದರೆ ಇಂಜಿನ್ ಈಗ ಆಫ್ ಆಗುತ್ತೆ, ಐಡಲ್‌ನಲ್ಲಿ ವಾಸನೆ ಮುಕ್ಕಾಲು ಹೋಗಿದೆ. ಸೈಲೆನ್ಸರ್ ಬಾಯಿಗೆ ಸೆನ್ಸರ್ ಸಿಕ್ಕಿಸಿ ನೋಡಿದರೆ ನಿಂತಲ್ಲಿ 13.6. ಮೊದಲ ದಿನ ಅದು 11ರ ಕೆಳಗಿತ್ತು. ಆದರೆ ರಸ್ತೆಗೆ ಹೋಗಿ 45 ಮೈಲಿ ವೇಗದಲ್ಲಿ ನಿಧಾನ ಓಡಿಸಿದಾಗ ಸಂಖ್ಯೆ 12ಕ್ಕೆ ಬಿತ್ತು, ಅಲ್ಲೇ ಕೂತಿತು. ಸಮತಟ್ಟು ರಸ್ತೆ, ಕಾಲು ಹಗುರ, ಅಕ್ಕಪಕ್ಕದ ಕಾರ್ಬೊರೇಟರ್ ಮುಚ್ಚಿವೆ. 14ರ ಹತ್ತಿರ ಇರಬೇಕು. ಅಂದ್ರೆ ನಡುವಿನದರಲ್ಲೂ ಏನೋ ಇದೆ, ಮತ್ತು ಅದು ಬೇರೆಯದೇ ಕಾಯಿಲೆ.

ಅದರಲ್ಲಿ ಪವರ್ ವಾಲ್ವ್ ಅಂತ ಒಂದಿದೆ. ಏರಿನಲ್ಲಿ ಹೋಗುವಾಗ, ಜೋರು ತುಳಿದಾಗ ಹೆಚ್ಚಿಗೆ ಪೆಟ್ರೋಲ್ ಬಿಡೋ ದಾರಿ. ಮಾಮೂಲಿ ಓಟದಲ್ಲಿ ಇಂಜಿನ್ನಿನ ವ್ಯಾಕ್ಯೂಮ್ ಒಂದು ಪಿಸ್ಟನನ್ನ ಮೇಲಕ್ಕೆ ಎಳೆದು ಹಿಡಿದಿರುತ್ತೆ, ವಾಲ್ವ್ ಮುಚ್ಚಿರುತ್ತೆ. ಜೋರು ತುಳಿದಾಗ ವ್ಯಾಕ್ಯೂಮ್ ಬೀಳುತ್ತೆ, ಸ್ಪ್ರಿಂಗ್ ಪಿಸ್ಟನನ್ನ ಕೆಳಗೆ ತಳ್ಳುತ್ತೆ, ವಾಲ್ವ್ ತೆರೆಯುತ್ತೆ. ಸೊಗಸಾದ ಉಪಾಯ, ಒಂದು ತಂತಿ ಇಲ್ಲ, ಒಂದು ಚಿಪ್ ಇಲ್ಲ.

ಆ ವ್ಯಾಕ್ಯೂಮ್ ಪಿಸ್ಟನ್ ತನಕ ಬರೋಕೆ ಕಾರ್ಬೊರೇಟರ್ ಮೈಯೊಳಗೆ ಒಂದು ಸಣ್ಣ ಸುರಂಗ ಇದೆ, ಅದು ಗ್ಯಾಸ್ಕೆಟ್‌ಗಳ ತೂತಿನ ಮೂಲಕ ಹಾದು ಬರಬೇಕು. ಮುಚ್ಚಳ ಬಿಚ್ಚಿದೆ. ಫೋಟೋ 7ರಲ್ಲಿ ಬಾಣ ಹಾಕಿದೀನಿ ನೋಡಿ. ರಿಪೇರಿ ಕಿಟ್‌ನಲ್ಲಿ ಬಂದ ಗ್ಯಾಸ್ಕೆಟ್ ಪಕ್ಕದ ಮಾಡೆಲ್‌ನದು, ಎಲ್ಲ ತೂತೂ ಇದೆ, ಅದೊಂದು ತೂತಿನ ಜಾಗದಲ್ಲಿ ಕಾಗದ. ವ್ಯಾಕ್ಯೂಮ್ ಬರ್ತಾನೇ ಇರಲಿಲ್ಲ. ಪಿಸ್ಟನ್ ಸದಾ ಕೆಳಗೆ, ವಾಲ್ವ್ ಸದಾ ತೆರೆದು, ಕಾರು ದಿನವಿಡೀ ಬೆಟ್ಟ ಹತ್ತುತ್ತಿರೋ ಲೆಕ್ಕದಲ್ಲಿ ಪೆಟ್ರೋಲ್ ಕುಡೀತಿತ್ತು.

ಇನ್ನು ಹತ್ತು ನಂಬರ್ ಜೆಟ್ ಇಳಿಸಿದ್ದರೂ ಇದು ಸರಿಯಾಗ್ತಿರಲಿಲ್ಲ. ಸರಿಯಾದ ಗ್ಯಾಸ್ಕೆಟ್ ಬರೋಕೆ ನಾಲ್ಕು ದಿನ ಹಿಡಿಯಿತು, ಕೂರಿಸೋಕೆ ನಲವತ್ತು ನಿಮಿಷ. ಅದೇ ರಸ್ತೆ, ಅದೇ ವೇಗ: 14.1.

(8/8)
ಮಗಳು ಜೂನ್‌ನಲ್ಲಿ ಬಂದಳು. ಕಾರು ಕೊಳ್ಳೋಕೆ ಒಬ್ಬರನ್ನ ಆಗಲೇ ಮಾತಾಡಿ ಇಟ್ಟಿದ್ದಳು, ಒಳ್ಳೇ ಬೆಲೆ. ನಾನು ವಕಾಲತ್ತು ಮಾಡೋಕೆ ಹೋಗಲಿಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳಿದೆ: ಈಗ ಹೊಗೆ ಕಮ್ಮಿ, ಆದರೆ ಈ ಕಾಲದ ಇಂಜಿನ್ ಎಷ್ಟೇ ಟ್ಯೂನ್ ಮಾಡಿದರೂ ಮುಚ್ಚಿದ ಗ್ಯಾರೇಜಿಗೆ ವಿಷವೇ. ಅವಳು ಅಲಾರಂ ಕೈಲಿ ಹಿಡಿದು ಗ್ಯಾರೇಜ್ ಬಾಗಿಲ ಹತ್ತಿರ ನಿಂತಳು. ನಾವು ಮೂರು ಜನ ಕಾರನ್ನ ರಸ್ತೆ ತನಕ ತಳ್ಳಿ ಅಲ್ಲಿ ಸ್ಟಾರ್ಟ್ ಮಾಡಿದೆವು. ಹತ್ತು ನಿಮಿಷ. ಅಲಾರಂ ಸುಮ್ಮನಿತ್ತು. ನಿಂತಲ್ಲಿಂದ ಅವಳು ಕೂಗಿ ಕೇಳಿದ್ದು, ಅಮ್ಮ, ಪ್ರತಿ ಸಲ ಹೀಗೆ ತಳ್ಳೋರು ಯಾರು ಅಂತ.

ಅದಕ್ಕೆ ಅಜ್ಜ ಒಂದು ವಿಂಚ್ ಹಾಕಿಸಿದ್ದಾರೆ, ವಾಪಸ್ ಒಳಗೆ ಎಳೆಯೋಕೆ. ಹೊರಗೆ ಹೋಗೋಕೆ ಇಳಿಜಾರು ಇದೆ. ಗೋಡೆಗೆ ಸುಣ್ಣ ಹೊಡೆದಾಗಿದೆ, ಕಲೆ ಮತ್ತೆ ಬಂದರೆ ತಕ್ಷಣ ಗೊತ್ತಾಗಲಿ ಅಂತ ಅಜ್ಜಿ ಬಿಳಿಯೇ ಹೊಡೆಸಿದರು.

ಒಂದು ಸಣ್ಣ ತೊಂದರೆ ಉಳಿದಿದೆ. ಬಿಸಿಲಲ್ಲಿ ಓಡಿಸಿ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಸ್ವಲ್ಪ ಒದ್ದಾಡುತ್ತೆ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಬಿಸಿ ಕಾರ್ಬೊರೇಟರ್‌ನಲ್ಲಿ ಬೇಗ ಕುದ್ದು ಒಳಗೆ ಸೋರುತ್ತೆ. ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಕಿ ಶಾಖ ತಡೆಯಬೇಕು, ಅದು ಮುಂದಿನ ಪೋಸ್ಟ್.

ಕೊನೇ ವಿಡಿಯೋ ವುಡ್‌ವರ್ಡ್‌ನಲ್ಲಿ ತೆಗೆದದ್ದು. ಆಗಸ್ಟ್‌ನ ಮೂರನೇ ಶನಿವಾರ ಇಲ್ಲಿ ಡ್ರೀಮ್ ಕ್ರೂಸ್ ಇರುತ್ತೆ, 1995ರಿಂದ ನಡೀತಿರೋ ಹಳೇ ಕಾರುಗಳ ಜಾತ್ರೆ. ಆ ಜನಸಂದಣಿ ಅಜ್ಜಿಗೆ ಬೇಡವಂತೆ, ಜುಲೈನ ಒಂದು ಮಂಗಳವಾರ ಬೆಳಿಗ್ಗೆ ಆರಕ್ಕೇ ಹೊರಟರು. ಸ್ಟೀರಿಂಗ್ ಅವರ ಕೈಲಿ, ಪಕ್ಕದಲ್ಲಿ ಮಗಳು, ಹಿಂದೆ ಮಂಡಿ ಮಡಚ್ಕೊಂಡು ನಾನು. ಎರಡನೇ ಗೇರಿನಲ್ಲಿ ಒಂದು ಕ್ಷಣ ಕಾಲು ಪೂರ್ತಿ ಒತ್ತಿದರು. 22ನೇ ಸೆಕೆಂಡ್‌ನಲ್ಲಿ ಸದ್ದು ಬದಲಾಗೋದು ಕೇಳುತ್ತೆ, ಅಕ್ಕಪಕ್ಕದ ಎರಡೂ ಆಗ ತೆರೆದವು. ನಡುವೆ ಕೇಳೋ ಕಿರುಚು ಮಗಳದು.

#ಗ್ಯಾರೇಜ್‌ಡೈರಿ #ಕನ್ನಡದಲ್ಲಿ‌ಕಾರು #ಟ್ರೈಪವರ್